ಗಟ್ಟಿ ಕಟ್ಟಿದ ದೋಣಿ

ರಾಯಚೂರಿನ ನಮ್ಮ ಬಾಡಿಗೆ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ದೋಣಿಯ ಇಂಜಿನ್ನು ಇದೆ. ಬರೀ ಇಂಜಿನ್ನು, ದೋಣಿ ಇಲ್ಲ. ಮರದ ಸ್ಟ್ಯಾಂಡಿಗೆ ನೇತುಹಾಕಿ ಹಳೆಯ ಕೌದಿ ಹೊದಿಸಿದ್ದೇವೆ. ಮನೆಗೆ ಬಂದವರು ಕೈ ತೊಳೆಯಲು ಹಿಂದಕ್ಕೆ ಹೋದರೆ ಕೌದಿಯ ಕೆಳಗೆ ಕಾಣುವ ರೆಕ್ಕೆ ನೋಡಿ, "ಬೋರಿನ ಮೋಟರ್ ಸುಟ್ಟದೇನ್ರಿ ಮೇಡಂ?" ಎಂದು ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ. ದೋಣಿಯದು ಅಂದರೆ ಕಥೆ ಹೇಳಬೇಕಾಗುತ್ತದೆ, ಹೇಳಿದರೆ ಈಗ ನನ್ನ ಜೊತೆಗೇ ಇರುವ, ಪಕ್ಕದ ಕೋಣೆಯಲ್ಲಿ ಮಲಗಿದ ಅಪ್ಪನಿಗೆ ಕೇಳಿಸುತ್ತದೆ. ಬರೆದರೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ದೇವದುರ್ಗದ ಕಡೆಯ, ಕೃಷ್ಣಾ ಹೊಳೆಯ ದಂಡೆಯ ಊರು. ಅಪ್ಪ ಹರಿಗೋಲು ನಡೆಸುವವನು. ಬಿದಿರಿನ ಆ ದುಂಡನೆಯ ಬುಟ್ಟಿಯಲ್ಲೇ ಊರಿನ ಜನ, ಕುರಿ, ಮೆಣಸಿನಕಾಯಿ ಚೀಲ, ಮದುವೆಯ ದಿಬ್ಬಣ ಎಲ್ಲವೂ ಹೊಳೆ ದಾಟುತ್ತಿದ್ದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಯಾರಾದರೂ ಚೇಷ್ಟೆ ಮಾಡಿದರೆ ಅಪ್ಪ ನಗುತ್ತ, "ಯಾಕ, ಮತ್ತ ತಿರುಗಿ ಬರಂಗಿಲ್ಲೇನು?" ಅನ್ನುತ್ತಿದ್ದ. ಹೋದವರು ತಿರುಗಿ ಬಂದೇ ಬರುತ್ತಾರೆ ಎಂಬುದರಲ್ಲಿ ಅವನಿಗೆ ಯಾವತ್ತೂ ಅನುಮಾನ ಇರಲಿಲ್ಲ.

ನಾನು ಓದಿ ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನನ್ನ ತಮ್ಮನಿಗೆ ಓದು ಹತ್ತಲಿಲ್ಲ. ಮೀಸೆ ಮೂಡುವ ಮೊದಲೇ ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಮದುವೆಯಾದ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಹೋದ. ಕಟ್ಟುತ್ತಿರುವ ಕಟ್ಟಡದ ಪಕ್ಕ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡು ಇನ್ನೊಂದು ಕಡೆಗೆ. ಮಗಳು ಆ ಶೆಡ್ಡುಗಳಲ್ಲೇ ನಡೆಯಲು ಕಲಿತಳು. ಅವಳನ್ನು ಶಾಲೆಗೆ ಹಾಕುವ ವಯಸ್ಸು ಬಂದ ವರ್ಷ ತಮ್ಮ ಉಗಾದಿಗೆ ಊರಿಗೆ ಬಂದವನು ದಂಡೆಯ ಮೇಲೆ ನನ್ನ ಪಕ್ಕ ಕೂತು ಹೇಳಿದ:

"ಅಕ್ಕಾ, ಇಂಜಿನ್ನಿಂದು ಒಂದು ದೋಣಿ ಇದ್ರ ನಾ ಮತ್ತ ಪುಣೆಕ್ಕ ಹೋಗಂಗಿಲ್ಲ ನೋಡು. ಹುಡುಗಿನ್ನ ಇಲ್ಲೇ ಸಾಲಿಗೆ ಹಾಕ್ತೀನಿ."

ದೋಣಿ ಕೊಂಡದ್ದು ಅದಕ್ಕೆ. ಹೊಳೆ ದಾಟಲು ಹರಿಗೋಲು ಸಾಕಿತ್ತು. ನನಗೆ ಬೇಕಾಗಿದ್ದದ್ದು ತಮ್ಮ ಊರಲ್ಲಿ ಉಳಿಯುವುದು, ಅಷ್ಟೇ.

ಶಕ್ತಿನಗರದಲ್ಲಿ ಒಬ್ಬ ಗುತ್ತಿಗೆದಾರ ನೀರಿನ ಮೇಲಿನ ಕಳೆ ತೆಗೆಸಲು ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದ. ಅವನ ಕೆಲಸ ಮುಗಿದಿತ್ತು, ದೋಣಿ ಮಾರುತ್ತಾನೆಂದು ನನ್ನ ಕಿವಿಗೆ ಬಿತ್ತು. ನೀಲಿ ಬಣ್ಣ, ಅಲ್ಲಲ್ಲಿ ಉದುರಿದೆ, ಹಿಂದೆ ಇಂಜಿನ್ನು. ನಮ್ಮ ಜೊತೆಯ ಟೀಚರಮ್ಮಂದಿರು ಪ್ಲಾಟು ತಗೋ, ಬಂಗಾರ ತಗೋ ಎಂದು ಬುದ್ಧಿ ಹೇಳಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೆನ್ನ ಹಿಂದೆ ಆಡಿಕೊಂಡದ್ದೂ ನನಗೆ ಗೊತ್ತು. ಆಡಿಕೊಳ್ಳಲಿ ಬಿಡು ಎಂದು ಕೊಂಡೇಬಿಟ್ಟೆ.

ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ದೋಣಿಯನ್ನು ಹೇರಿಕೊಂಡು ಶಕ್ತಿನಗರದಿಂದ ರಾಯಚೂರಿನ ಒಳಗೆ ಹಾದು ಬಂದ ಆ ಬೆಳಗ್ಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತಮ್ಮ ದೋಣಿಯ ಒಳಗೇ ಕೂತಿದ್ದ, ಮದುಮಗನಿಗಿಂತ ಬಿಗಿಯಾಗಿ. ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ. ಬೇಸಿಗೆಯ ದಿನ, ಊರಿಗೆಲ್ಲ ನೀರಿನ ಗೋಳು. ಒಂದು ಓಣಿಯ ಬಾಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದ ಹೆಂಗಸರ ಸಾಲಿನಿಂದ ಒಬ್ಬಾಕೆ ಕೂಗಿದಳು: "ನಮಗ ನಳಕ್ಕ ನೀರಿಲ್ಲ, ನಿಮಗ ಹಡಗ ಬ್ಯಾರೆ ಬೇಕಾಗೇದೇನ್ರವ್ವಾ?" ಸಾಲಿಗೆ ಸಾಲೇ ನಕ್ಕಿತು. ತಮ್ಮ ಎದ್ದು ನಿಂತು ಅವರಿಗೆಲ್ಲ ಕೈಮುಗಿದ. ಅವನು ಹಾಗೆ ನಗುವುದನ್ನು ನಾನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ.

ಊರಲ್ಲಿ ಗಂಗವ್ವನ ಪೂಜೆ ಮಾಡಿ ದೋಣಿಯ ಮೂತಿಗೆ ನಿಂಬೆಹಣ್ಣು ಕಟ್ಟಿದೆವು. ಅಪ್ಪ ಇಂಜಿನ್ನಿನ ಹಣೆ ಯಾವುದೆಂದು ತಿಳಿಯದೆ ಸುತ್ತಲೂ ವಿಭೂತಿ ಬಳಿದ. ಮೊದಲ ಸಲ ದೋಣಿ ಹತ್ತಿದಾಗ ತನ್ನ ಹುಟ್ಟನ್ನು ಕೈಯಲ್ಲೇ ಹಿಡಿದು ಕೂತ. ತಮ್ಮ ದಾರ ಎಳೆದ, ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು, ದೋಣಿ ನೆಟ್ಟಗೆ ಆಚೆ ದಂಡೆಯ ಕಡೆ ಹೊರಟಿತು. ಅಪ್ಪ ಮಾತ್ರ ಸುಮ್ಮನಿರಲಾರದೆ ಒಂದು ಬದಿಯಲ್ಲಿ ಹುಟ್ಟು ಅದ್ದುತ್ತಲೇ ಇದ್ದ. "ಯಪ್ಪಾ, ಅದು ತಾನ ಹೋಗ್ತದ," ಅಂದರೆ, "ಹೋಗ್ಲಿ ಬಿಡು, ಒಂದು ಕೈ ಹಚ್ಚಿದ್ರ ಅದಕ್ಕೇನು ಬ್ಯಾಸ್ರೇನು," ಎಂದ.

ಹರಿಗೋಲು ಸುತ್ತುತ್ತ ಸುತ್ತುತ್ತ ಹೋಗುತ್ತದೆ. ಊರಿನ ಮುದುಕಿಯರಿಗೆ ಅದೇ ರೂಢಿ. ಒಬ್ಬ ಅಜ್ಜಿ ನಮ್ಮ ದೋಣಿಯಿಂದ ಇಳಿದವಳು ಸೊಂಟದ ಮೇಲೆ ಕೈಯಿಟ್ಟು, "ತಿರುಗಲಾರದಕ್ಕ ನನಗ ತೆಲಿ ತಿರಗಾಕತ್ತೇದ," ಎಂದು ಬೈದಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಮೂತಿಯ ಹತ್ತಿರದ ಜಾಗ ಹಿಡಿದು ಕೂತವಳೂ ಅವಳೇ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಹುಟ್ಟು ಮುಟ್ಟುವಂತಿರಲಿಲ್ಲ. ನಾನು ಹೊಳೆಯಲ್ಲೇ ಬೆಳೆದವಳು, ಒಂದು ಸಲವೂ ಹರಿಗೋಲು ನಡೆಸಿದವಳಲ್ಲ. ಇಂಜಿನ್ನಿನ ಹಿಡಿಗೆ ಅಂಥ ಕಟ್ಟಳೆ ಯಾರೂ ಹಾಕಿರಲಿಲ್ಲ. ಭಾನುವಾರ ಊರಿಗೆ ಹೋದಾಗ ತಮ್ಮ ಅದನ್ನು ನನ್ನ ಕೈಗೆ ಕೊಡುತ್ತಿದ್ದ. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ನಮ್ಮ ಮನೆಯ ಗಂಡಸರ ಗುಣವೇ ಇದಕ್ಕೂ ಬಂದಿದೆ ಎಂದು ನಾನು ಅನ್ನುವುದು, ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿ ನಗುವುದು. ಹುಡುಗಿ ಯೂನಿಫಾರ್ಮು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ನನಗೆ ಅಷ್ಟು ಸುಖ ಆಗಿತ್ತು, ಅದನ್ನು ಮುಚ್ಚಿಡುವುದೇನು?

ಹರಿಗೋಲನ್ನು ಹೊಳೆಯಲ್ಲಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಸಂಜೆಯಾದರೆ ಅದನ್ನು ತಲೆಯ ಮೇಲೆ ಕವಚಿಕೊಂಡು ಮನೆಗೆ ತರಬೇಕು, ಬಾಗಿಲ ಪಕ್ಕ ಬೋರಲು ಹಾಕಬೇಕು. ಹೊಳೆ ಎಷ್ಟೇ ಏರಲಿ, ಹರಿಗೋಲು ಮನೆ ಮುಂದೆ ಇರುತ್ತದೆ. ಹೀಗಾಗಿ ಏರುವ ನೀರಿನಲ್ಲಿ ದೋಣಿಯನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆ ನಮ್ಮ ವಂಶದಲ್ಲಿ ಯಾರಿಗೂ ಬಂದಿರಲೇ ಇಲ್ಲ. ಫೈಬರ್ ದೋಣಿಯನ್ನು ಹೊತ್ತು ತರುವುದು ಆಗದ ಮಾತು. ಅದು ದಂಡೆಯ ಬೇವಿನ ಮರದ ಬುಡದಲ್ಲಿ ನೀರಿನಲ್ಲೇ ಇರುತ್ತಿತ್ತು. ಅದನ್ನು ಅಲ್ಲಿ ಬಿಟ್ಟು ಬರಲು ಅಪ್ಪನಿಗೆ ಸಂಕಟ. ಊಟ ಮಾಡಿ ಮತ್ತೊಂದು ಸಲ ಹೋಗಿ ಹಗ್ಗ ಜಗ್ಗಿ ನೋಡಿ ಬರುತ್ತಿದ್ದ.

ಆ ವರ್ಷ ಮಳೆಗಾಲದಲ್ಲಿ ಇಂಜಿನ್ನಿಗೆ ಮರಳು ಹೊಕ್ಕು ಅದು ಕಾಯತೊಡಗಿತು. ತಮ್ಮ ಅದನ್ನು ಬಿಚ್ಚಿಕೊಂಡು ರಾಯಚೂರಿಗೆ ರಿಪೇರಿಗೆ ತಂದ, ನಮ್ಮ ಮನೆಯಲ್ಲೇ ಉಳಿದ. ಅವತ್ತೇ ಮಧ್ಯಾಹ್ನ ಊರಲ್ಲಿ ಆಟೋದ ಮೇಲೆ ಮೈಕು ಕಟ್ಟಿಕೊಂಡು ಸಾರಿದರಂತೆ, ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ, ದಂಡೆಗೆ ಯಾರೂ ಹೋಗಬೇಡಿ ಎಂದು. ತಮ್ಮ ಗಾಬರಿಯಾಗಿ ಫೋನು ಹಚ್ಚಿದ. ಅಪ್ಪನ ದನಿ ನನಗೂ ಕೇಳುತ್ತಿತ್ತು:

"ನೀ ಏನೂ ಕಾಳಜಿ ಮಾಡಬ್ಯಾಡಲೇ. ಹಗ್ಗ ತೆಗದು ಎತ್ತಿನ ಸರಪಳಿ ಹಾಕೀನಿ. ಮೂತಿ ಬೇವಿನ ಗಿಡಕ್ಕ ತಾಗಿಸಿ ಗಟ್ಟಿ ಕಟ್ಟೀನಿ. ಆನಿ ಜಗ್ಗಿದ್ರೂ ಬರಂಗಿಲ್ಲ."

ತಮ್ಮ ಫೋನು ಇಟ್ಟು, "ಅಪ್ಪ ಕಟ್ಟ್ಯಾನಂತ," ಅಂದ, ನೆಮ್ಮದಿಯಾಗಿ ರೊಟ್ಟಿ ಉಂಡ. ಅಪ್ಪ ಹಾಕಿದ ಗಂಟು ಬಿಚ್ಚಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ.

ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಹೊಳೆ ಕೆಂಪಗೆ ಹೊಲದವರೆಗೂ ಬಂದಿತ್ತು. ಬೇವಿನ ಮರದ ತಲೆಯಷ್ಟೇ ಕಾಣುತ್ತಿತ್ತು, ದೋಣಿ ಇಲ್ಲ. ತಮ್ಮ ಅದು ಕೊಚ್ಚಿಹೋಗಿದೆ ಎಂದುಕೊಂಡ. ಕೊಚ್ಚಿಹೋದದ್ದು ಎಲ್ಲಾದರೂ ಸಿಕ್ಕೀತು ಎಂಬ ಆಸೆ. ಬೈಕು ಹತ್ತಿ ಕೆಳಗಿನ ಊರೂರು ತಿರುಗಿದ, ನೀಲಿ ದೋಣಿ ಕಂಡಿರೇನು ಎಂದು ಕುರಿ ಕಾಯುವವರನ್ನೂ ಬಿಡದೆ ಕೇಳಿದ. ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ: "ಸುಮ್ನ ಯಾಕ ತಿರಗಾಕತ್ತೀಯಪ್ಪಾ. ಅದು ಎಲ್ಲಿಗೂ ಹೋಗಿಲ್ಲ. ನಾ ಗಟ್ಟಿ ಕಟ್ಟೀನಿ."

ಅಪ್ಪ ಹೇಳಿದ್ದೇ ನಿಜವಾಯಿತು. ನೀರು ಇಳಿದಾಗ ದೋಣಿ ಅಲ್ಲೇ ಇತ್ತು. ಮೂತಿ ಬೇವಿನ ಬುಡಕ್ಕೆ ಕಚ್ಚಿಕೊಂಡಂತೆಯೇ ಇತ್ತು, ಸರಪಳಿ ಒಂದಿಷ್ಟೂ ಜರುಗಿರಲಿಲ್ಲ. ಕೂರುವ ಹಲಗೆಗಳು ಕಿತ್ತುಹೋಗಿದ್ದವು. ದಂಡೆಯ ಬಂಡೆಗೆ ಬಡಿದು ಬಡಿದು ತಳ ಉದ್ದಕ್ಕೂ ಸೀಳಿತ್ತು, ಒಳಗೆಲ್ಲ ಹೂಳು. ನೀರು ಏರಿದಂತೆ ದೋಣಿಯೂ ಏರಬೇಕಿತ್ತು. ಸರಪಳಿ ಉದ್ದ ಬಿಟ್ಟಿದ್ದರೆ ಏರುತ್ತಿತ್ತು. ಗಿಡ್ಡ ಸರಪಳಿ ಮೂತಿಯನ್ನು ಕೆಳಗೇ ಹಿಡಿದುಕೊಂಡು ಅದಕ್ಕೆ ನೀರು ಕುಡಿಸಿತು. ಮಕ್ಕಳಿಗೆ ತೇಲುವುದು ಮುಳುಗುವುದು ಎಂದು ವರ್ಷಾ ವರ್ಷಾ ಪಾಠ ಮಾಡುವ ನನಗೂ ನೋಡಿದ ಮೇಲೆ ಹೊಳೆಯಿತು. ಅಪ್ಪನಿಗೆ ಅದನ್ನು ಹೇಳುವ ಅಗತ್ಯ ಬೀಳಲಿಲ್ಲ. ಅಪ್ಪ ಸರಪಳಿ ಮುಟ್ಟಿದ, ಮರದ ಮೇಲೆ ಎತ್ತರದಲ್ಲಿ ಅಂಟಿದ್ದ ಕೆಸರಿನ ಗುರುತು ನೋಡಿದ, ಮತ್ತೆ ಸರಪಳಿ ನೋಡಿದ.

"ಮ್ಯಾಲ ಬರಾಕ ಬಿಡಲಿಲ್ಲಲ್ಲ ನಾ ಅದಕ್ಕ," ಅಂದ.

ತಮ್ಮ ಅಪ್ಪನ ಭುಜ ಹಿಡಿದು ಮನೆಗೆ ಕರೆತಂದ, ಕಾಲಿಗೆ ನೀರು ಕೊಟ್ಟ. ದೋಣಿಯ ವಿಷಯಕ್ಕೆ ಅಪ್ಪನಿಗೆ ಒಂದು ಮಾತೂ ಆಡಲಿಲ್ಲ. ಅಪ್ಪ ಬೈಗುಳಕ್ಕೆ ಕಾಯುತ್ತಿದ್ದ, ಅದು ನನಗೆ ಕಾಣುತ್ತಿತ್ತು. ಮಗ ಒಳಗೆ ಬಂದರೆ ತಲೆ ತಗ್ಗಿಸಿ ಕೂರುವುದು, ಹೊರಗೆ ಹೋದರೆ ಬಾಗಿಲು ನೋಡುವುದು. ಒಂದು ದಿನ ನನ್ನನ್ನು ಕರೆದು, "ಯವ್ವಾ, ಅವನಿಗೆ ಹೇಳು, ಒಂದ ಸಲ ಬಾಯಿಗೆ ಬಂದಂಗ ಬೈ ಅಂತ," ಅಂದ. ನಾನು ತಮ್ಮನಿಗೆ ಹೇಳಿದೆ. "ಅಪ್ಪಗ ಹ್ಯಾಂಗ ಬೈಲಿ ಅಕ್ಕಾ? ನನ್ನ ಸಲುವಾಗೇ ಕಟ್ಟ್ಯಾನ," ಎಂದು ಅವನು ಅತ್ತುಬಿಟ್ಟ. ಇನ್ನೊಂದು ದೋಣಿ ಹುಡುಕೋಣ, ಇಂಜಿನ್ನು ಹೇಗೂ ಉಳಿದಿದೆ ಎಂದೆ. "ಬ್ಯಾಡಕ್ಕಾ," ಎಂದ. ಮಾತು ಮುಗಿಯಿತು. ಅವನ ಮೇಲೂ ಅಪ್ಪನ ಮೇಲೂ ನನಗೆ ಸಿಟ್ಟು ಬಂತು, ಆ ಹಾಳು ಹೊಳೆಯ ಮೇಲೂ ಬಂತು. ಸಿಟ್ಟಿನಿಂದ ಯಾವ ದೋಣಿ ತೇಲೀತು?

ದಸರಾ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಗಾಡಿ ಬಂತು. ದೇವದುರ್ಗದ ಬಸ್‌ಸ್ಟ್ಯಾಂಡಿನ ಹೊರಗೆ, ಪುಣೆಗೆ ಹೋಗುವ ಕ್ರೂಸರ್. ತಮ್ಮನ ಹೆಂಡತಿ ಒಳಗೆ ಕೂತಿದ್ದಳು, ಹುಡುಗಿ ಅವಳ ತೊಡೆಯ ಮೇಲೆ, ಯೂನಿಫಾರ್ಮಿನಲ್ಲೇ. ಬೇರೆ ಒಳ್ಳೆಯ ಅಂಗಿ ಇರಲಿಲ್ಲವೆಂದಲ್ಲ, ಅದನ್ನು ಬಿಚ್ಚಲು ಅವಳು ಒಪ್ಪಿರಲಿಲ್ಲ. ಹಾಸಿಗೆಯ ಸುರುಳಿ, ಪಾತ್ರೆಯ ಚೀಲ, ಬಕೆಟ್ಟು ಎಲ್ಲ ಗಾಡಿಯ ಮೇಲೆ ಹೋದವು. ತಮ್ಮ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದ. ಅಷ್ಟರಲ್ಲಿ ಅಪ್ಪ ಯಾರನ್ನೂ ಕೇಳದೆ ಹಿಂದಿನ ಏಣಿ ಹತ್ತಿ ಹಗ್ಗ ತೆಗೆದುಕೊಂಡ. ಕಟ್ಟುವ ಕೆಲಸ ಯಾವತ್ತೂ ಅವನದೇ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಹಗ್ಗವನ್ನು ಚೀಲಗಳ ಮೇಲೆ ಹಾಯಿಸಿದ, ಜಗ್ಗಲು ಹೋದ, ಕೈ ತಡೆಯಿತು. ಸಡಿಲ ಬಿಟ್ಟ. ಇನ್ನಷ್ಟು ಬಿಟ್ಟ. ಮೇಲೊಂದು ಗಂಟು ಹಾಕಿ ಇಳಿದು ಬಂದ.

ಡ್ರೈವರ್ ಹತ್ತಿ ನೋಡಿ, "ಏ, ಇದನ್ನ್ಯಾರು ಹಿಂಗ ಕಟ್ಟ್ಯಾರ? ದಾರ್‍ಯಾಗ ಎಲ್ಲಾ ಬೀಳ್ತಾವಲ್ಲ!" ಎಂದು ಕೂಗಿದ.

ತಮ್ಮ ಅಪ್ಪನ ಕಡೆ ನೋಡಲಿಲ್ಲ. ಮೇಲೆ ಹತ್ತಿ ಅಪ್ಪ ಹಾಕಿದ ಗಂಟು ಬಿಚ್ಚಿದ. ಕಂಬಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಗ್ಗ ಜಗ್ಗಿದ. ಬಕೆಟ್ಟು ಚಪ್ಪಟೆಯಾಗಿ ಬಿರುಕು ಬಿಟ್ಟಿತು, ಆದರೂ ಬಿಡಲಿಲ್ಲ, ಮತ್ತೂ ಜಗ್ಗಿದ. ಆಮೇಲೆ ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ ಅದೇ ಗಂಟು ಹಾಕಿದ.

ಅಪ್ಪ ಕೆಳಗಿನಿಂದ ಕತ್ತೆತ್ತಿ ಕೇಳಿದ: "ಗಟ್ಟಿ ಆತೇನಪ್ಪಾ?"

"ಆತು ಯಪ್ಪಾ," ಎಂದು ತಮ್ಮ ಇಳಿದು ಗಾಡಿಯಲ್ಲಿ ಕೂತ.