ಓರಗಿತ್ತಿಯ ತಾಳ

ದೊಡ್ಡ ಸೊಸೆಯ ಕಂಪ್ಯೂಟರಿನಲ್ಲಿದ್ದ ಸಂಗೀತದ ಸಾಫ್ಟ್‌ವೇರ್ ಎಷ್ಟು ದೊಡ್ಡದೆಂದರೆ, ಅದು ತೆರೆದುಕೊಳ್ಳುವಷ್ಟರಲ್ಲಿ ಹಸುಗೂಸು ಹಲ್ಲು ಮೂಡಿಸಿಕೊಂಡು ಶಾಲೆಗೆ ಹೊರಟುಬಿಡಬಹುದಿತ್ತು. ಅದರೊಳಗೆ ಡೋಲಿನ ಸದ್ದುಗಳೇ ಸಾವಿರಾರು. ಯಾವುದನ್ನು ಇಡಲಿ ಎಂದು ಆರಿಸುವುದರಲ್ಲೇ ಅವಳ ಮಧ್ಯಾಹ್ನಗಳೆಲ್ಲ ಸವೆದಿದ್ದವು. ಕಂಪ್ಯೂಟರಿನಲ್ಲಿ ತಾಳ ಕಟ್ಟುವುದನ್ನು ಸರ್ಟಿಫಿಕೇಟ್ ಸಮೇತ ಕಲಿತವಳು ಆ ಮನೆಯಲ್ಲಿ ಅವಳೊಬ್ಬಳೇ. ಆ ಸರ್ಟಿಫಿಕೇಟು ಮಾವನವರ ಫೋಟೋಗಿಂತ ಒಂದು ಗೇಣು ಮೇಲೆ ತೂಗುತ್ತಿತ್ತು.

ಚಿಕ್ಕ ಸೊಸೆ ಮನೆ ಮುಂದಿನ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದಳು. ಅಲ್ಲಿದ್ದದ್ದು ಹಳೆಯ ಕಂಪ್ಯೂಟರ್. ಅದರ ಫ್ಯಾನು ತಿರುಗಿದರೆ ಬಿರುಗಾಳಿ ಬಂತೆಂದು ಪಕ್ಕದ ಬೀದಿಯವರು ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. ಗಿರಾಕಿ ಇಲ್ಲದಾಗ ಅವಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ, ತಾಳ ಕಟ್ಟುವ ಒಂದು ಪುಟ ತೆರೆದು ಅದರ ಚೌಕದ ಮನೆಗಳನ್ನು ಒತ್ತುತ್ತ ಕೂರುವಳು. ಒಂದು ಮನೆ ಒತ್ತಿದರೆ ದುಬ್, ಇನ್ನೊಂದಕ್ಕೆ ಚಪ್ಪಾಳೆ. ಅಷ್ಟರಲ್ಲೇ ಒಂದು ತಾಳ ಕಟ್ಟಿಬಿಟ್ಟಳು. ಮಂಡಿನೋವೆಂದು ಮಂಚ ಬಿಡದ ಅತ್ತೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಎರಡೂ ಕಾಲು ಕುಣಿಸತೊಡಗಿದರು.

"ಕೇಳಿದ್ಯೇನೇ ದೊಡ್ಡವಳೇ? ನೀನೂ ಇಂಥದ್ದೊಂದು ಮಾಡಬಾರದಾ?"

"ನಂದು ಬೇರೆ ಮಟ್ಟದ್ದು ಅತ್ತೆ. ಟೈಮ್ ಹಿಡಿಯುತ್ತೆ."

"ಹಿಡೀಲಿ, ಹಿಡೀಲಿ. ನಾನಿರೋವಾಗಲೇ ಮುಗಿದ್ರೆ ಕೇಳ್ತೀನಿ."

ದೊಡ್ಡ ಸೊಸೆಯ ಹೊಟ್ಟೆಯಲ್ಲೆದ್ದ ಉರಿಗೆ ಒಲೆ ಹಚ್ಚದೆಯೇ ಹಂಡೆ ನೀರು ಕಾಯುತ್ತಿತ್ತು.

ಬೀದಿಯ ತುದಿಯಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುವ ಟೀಚರ್ ಹೊಸ ತಾಳ ಹುಡುಕುತ್ತಿದ್ದರು. ಶನಿವಾರ ಇಬ್ಬರದೂ ಕೇಳುತ್ತೇನೆ, ಹಿಡಿಸಿದ್ದನ್ನು ಇಟ್ಟುಕೊಂಡು ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತೇನೆ ಎಂದಿದ್ದರು. ಆ ಬೋರ್ಡಿನ ಮೇಲೆ ತನ್ನ ಹೆಸರನ್ನು ದೊಡ್ಡ ಸೊಸೆ ಮನಸ್ಸಿನಲ್ಲೇ ಬರೆದು, ಕೆಳಗೆ ಗೆರೆಯನ್ನೂ ಎಳೆದಾಗಿತ್ತು. ಆದರೆ ಗೋಡೆಯಾಚೆ ಓರಗಿತ್ತಿಯ ತಾಳ ನಿಲ್ಲಲೊಲ್ಲದು. ತಲೆ ಬಾಚಿದರೆ ಬಾಚಣಿಗೆಯೂ ಅದೇ ತಾಳಕ್ಕೆ ಓಡುತ್ತಿತ್ತು.

ಶುಕ್ರವಾರ ಚಿಕ್ಕವಳು ಪೇಪರ್ ಬಂಡಲ್ ತರಲು ಹೊರಗೆ ಹೋದಳು. ದೊಡ್ಡವಳು ಬ್ರೌಸರಿನ ಹಿಸ್ಟರಿ ಕೆದಕಿ ಆ ಪುಟ ಪತ್ತೆ ಹಚ್ಚಿದಳು. ತುಂಬಿದ್ದ ಮನೆಗಳು ಬೆರಳೆಣಿಕೆಯಷ್ಟು. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಕದ್ದು ನೋಡಿದ ಗುರುತು ಉಳಿಯಬಾರದೆಂದು ಹಿಸ್ಟರಿ ಅಳಿಸಲು ಹೋಗಿ, ಗಾಬರಿಯಲ್ಲಿ ಕಂಡಕಂಡ ಚೌಕಕ್ಕೆಲ್ಲ ಟಿಕ್ ಹಾಕಿ ಒತ್ತಿಬಿಟ್ಟಳು.

ತಾಳ ಇದ್ದದ್ದು ಆ ಬ್ರೌಸರಿನ ಹೊಟ್ಟೆಯಲ್ಲೇ. ಚಿಕ್ಕವಳು ಅಕೌಂಟ್ ಮಾಡಿರಲಿಲ್ಲ, ಇಳಿಸಿಟ್ಟುಕೊಂಡೂ ಇರಲಿಲ್ಲ. ಬಂದು ಪುಟ ತೆರೆದರೆ ಮನೆಗಳೆಲ್ಲ ಬಣಬಣ.

"ಅಕ್ಕಾ, ಎಲ್ಲ ಹೋಯ್ತು."

"ಹಳೇ ಡಬ್ಬ ಕಣೇ ಅದು," ಎಂದಳು ದೊಡ್ಡವಳು, ಪೇಪರ್ ಟ್ರೇ ನೋಡುತ್ತ. ಇನ್ನು ಬೋರ್ಡು ತನ್ನದೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಚಿಕ್ಕವಳು ಕಣ್ಣೊರೆಸಿಕೊಂಡು ನೆನಪಿನಿಂದ ಮತ್ತೆ ಕಟ್ಟತೊಡಗಿದಳು. ತಪ್ಪಿತು. ಮತ್ತೆ ಕಟ್ಟಿದಳು, ಮತ್ತೆ ತಪ್ಪಿತು. ದೊಡ್ಡವಳ ಕಿವಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

"ಅಲ್ಲಲ್ಲ. ಚಪ್ಪಾಳೆ ಒಂದು ಮನೆ ಮುಂದಕ್ಕೆ."

"ಇಲ್ಲಿಗಾ?"

"ಸ್ವಲ್ಪ ಆ ಕಡೆ ಸರಿ," ಎಂದು ಸ್ಟೂಲು ಎಳೆದುಕೊಂಡಳು. "ಇಲ್ಲಿ ಖಾಲಿ ಬಿಟ್ಟಿದ್ದೆ ನೀನು. ಆ ಖಾಲಿನೇ ಇದರ ಜೀವ."

"ನಿಮಗೆ ಇಷ್ಟೆಲ್ಲ ಹೇಗೆ ನೆನಪಿದೆ ಅಕ್ಕ?"

"ಗೋಡೆ ತೆಳ್ಳಗಿದೆ."

ಕೊನೆಯ ಮನೆ ತುಂಬಿದಾಗ ತಾಳ ಮೊದಲಿನಂತೆಯೇ ಎದ್ದು ಕುಣಿಯಿತು. ದೊಡ್ಡವಳು ತಡೆಯಲಾರದೆ, "ಅಳಿಸಿದ್ದು..." ಎಂದು ಬಾಯಿ ತೆರೆದಳು.

"ಗೊತ್ತು ಬಿಡಿ. ಈ ಡಬ್ಬಕ್ಕೆ ತಾನಾಗೇ ಹಿಸ್ಟರಿ ಅಳಿಸೋ ಬುದ್ಧಿ ಎಲ್ಲಿದೆ?"

ಶನಿವಾರ ಟೀಚರ್, ದೊಡ್ಡವಳು ಹೇಗೋ ಮುಗಿಸಿ ತಂದದ್ದನ್ನೂ ಸೇರಿಸಿ ಎರಡೂ ಕೇಳಿ, ಚಿಕ್ಕವಳದನ್ನೇ ಇಟ್ಟುಕೊಂಡು ಸೀಮೆಸುಣ್ಣ ಎತ್ತಿದರು.

"ಮೊದಲು ಅಕ್ಕನ ಹೆಸರು ಬರೀರಿ ಟೀಚರ್," ಎಂದಳು ಚಿಕ್ಕವಳು. "ಅವರಿಲ್ಲದಿದ್ದರೆ ಇದು ಇರ್ತಾನೇ ಇರಲಿಲ್ಲ."

ಬೋರ್ಡಿನ ಮೇಲೆ ಹೆಸರು ಬಂತು, ಅದೂ ಮೇಲಿನ ಸಾಲಿನಲ್ಲಿ. ದೊಡ್ಡವಳಿಗೆ ಹೊಟ್ಟೆಯ ಉರಿ ನೆತ್ತಿಗೇರಿತು. ತಾಳದಲ್ಲಿ ಗೆದ್ದದ್ದು ಸಾಲದೆ ಒಳ್ಳೆಯತನದಲ್ಲೂ ಇವಳೇ ಮುಂದೆ.

"ಇದೊಂದನ್ನಾದ್ರೂ ನನಗೆ ಬಿಡಬಾರದಿತ್ತೇನೇ," ಎಂದು ವ್ಯಾಯಾಮದ ಸಾಲಿನಲ್ಲಿ ನಿಂತು ಗೊಣಗಿದಳು.

"ಏನಂದ್ರಿ ಅಕ್ಕ?"

"ಏನಿಲ್ಲ. ಕಾಲೆತ್ತು, ಎಲ್ಲರೂ ಎತ್ತಿದ್ದಾರೆ."