ಶಾಪಕ್ಕೂ ಹರಕೆಗೂ ಒಂದೇ ‘ಲಿ’

ನಾನು ಬಿ.ಎ. ಪಾಸಾಗುವುದೂ ನಮ್ಮ ಮಾದಮ್ಮತ್ತೆ ಬೈಗುಳ ಬಿಡುವುದೂ ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದವರು ನಮ್ಮ ದೊಡ್ಡಪ್ಪ. ಜೀವಮಾನದಲ್ಲಿ ಮೊದಲ ಸಲ ಓಟು ಹಾಕಿ ಬಂದ ಹುರುಪಿನಲ್ಲಿ, ಹರವೆಯಲ್ಲಿ ಗುಂಡ್ಲುಪೇಟೆ ಬಸ್ಸು ಕಾಯುತ್ತಿದ್ದವರ ಮುಂದೆಲ್ಲ ಸಾರಿದರು. ಅತ್ತೆಗೆ ಅವರು ಸ್ವಂತ ಅಣ್ಣ, ಅನುಭವದ ಮಾತು. ಮೊದಲನೆಯದನ್ನು ನಾನು, ಒಮ್ಮೆ ಫೇಲಾಗಿ, ಸುಳ್ಳು ಮಾಡಿದೆ. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನೇ ನಾನು ಮೊದಲು. ಆ ಜಂಬವನ್ನು ಮುಚ್ಚಿಡುವುದಿಲ್ಲ. ಎರಡನೆಯದು ಕಷ್ಟದ ಪೇಪರು.

ಅತ್ತೆ ಎಮ್ಮೆ ಕಾಯುವವಳು. ನನ್ನ ಓದಿಗೆ ಎರೆದದ್ದು ಅವಳ ಎಮ್ಮೆಯ ಹಾಲೇ. ಎಮ್ಮೆಗೂ ಜನಕ್ಕೂ ಅವಳದು ಒಂದೇ ಮಾತು: “ನಿನ್ನ ವಂಸ ಆಳಾಗ್ಲಿ!” ನಮ್ಮಪ್ಪನ ಹಿಂದೆ ಅವಳೂ ಚರ್ಚಿಗೆ ಬರತೊಡಗಿದ್ದಳು, ಪ್ರಾರ್ಥನೆಗಳೆಲ್ಲ ಬಾಯಿಪಾಠ. ಆದರೆ ಪಾದ್ರಿಗಳು, “ಮನಸ್ಸು ಬಂದಿದೆಯಮ್ಮ, ನಾಲಿಗೆ ಇನ್ನೂ ದಾರಿಯಲ್ಲಿದೆ,” ಎಂದು, ನೀರೆರೆದು ಸಭೆಗೆ ಸೇರಿಸುವ ದೀಕ್ಷಾಸ್ನಾನವನ್ನು ಮುಂದೆ ಹಾಕುತ್ತಲೇ ಬಂದರು. ದೀಕ್ಷಾಸ್ನಾನವಿಲ್ಲದವರಿಗೆ ಪ್ರಭುವಿನ ಪಂಕ್ತಿಯಿಲ್ಲ, ಅಲ್ಲಿ ಹಂಚುವ ಪವಿತ್ರ ರೊಟ್ಟಿಯೂ ಇಲ್ಲ.

“ರೊಟ್ಟಿ ತಟ್ಟೆ ನನ್ನ ದಾಟ್ಕೊಂಡು ಓಯ್ತದೆ ಕಣ್ಲಾ,” ಎಂದು ಒಂದು ಭಾನುವಾರ ಅತ್ತಳು. ಊರನ್ನೇ ಅಳಿಸುತ್ತಿದ್ದವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೌನ ಹಿಡಿದು ನೋಡಿದಳು. ಎಮ್ಮೆ ನೇರ ಪಕ್ಕದವರ ಹುರುಳಿ ಹೊಲಕ್ಕೆ ನುಗ್ಗಿತು. “ಬಯ್ನಿಲ್ಲ ಅಂದ್ರೆ ನಾನೇ ಅಂತ ಅದ್ಕೆ ಗೊತ್ತಾಗಕಿಲ್ಲ ಕಣ್ಲಾ!”

ಇಲ್ಲಿ ನನ್ನ ಬಿ.ಎ. ಕೆಲಸಕ್ಕೆ ಬಂತು. ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ ಎಂಬುದೊಂದಿದೆ. ‘ಹಾಳಾಗಲಿ’ ಎನ್ನುವುದಕ್ಕೂ ‘ಬಾಳಲಿ’ ಎನ್ನುವುದಕ್ಕೂ ಅದೇ ‘ಲಿ’ ಪ್ರತ್ಯಯ. ಶಪಿಸಲೊಂದು, ಹರಸಲೊಂದು ಎಂದು ನಮ್ಮ ಹಿರಿಯರು ಎರಡು ಮಾಡಲಿಲ್ಲ, ಬಡತನವೋ, ನಂಬಿಕೆಯೋ. “ಅತ್ತೆ, ‘ಲಿ’ ಇರ್ಲಿ, ದನೀನೂ ಇರ್ಲಿ. ಅದರ ಹಿಂದಿನ ಮಾತು ಮಾತ್ರ ಬದಲಾಯ್ಸು,” ಎಂದೆ.

ಮೊದಮೊದಲು “ವಂಸ ಬೆಳೀಲಿ” ಎನ್ನುವಾಗ ಹಲ್ಲು ಕಡಿಯುತ್ತಿದ್ದಳು. ಪರಿಶುದ್ಧತೆ ಒಳಗಿನಿಂದ ಹೊರಗೆ ಬರುವಂಥದು ಎಂದು ಪಾದ್ರಿಗಳ ಪ್ರಸಂಗಗಳಲ್ಲಿ ಕೇಳಿದ್ದೇನೆ. ಒಮ್ಮೊಮ್ಮೆ ಅದು ನಾಲಿಗೆಯ ತುದಿಯಲ್ಲಿ ಹುಟ್ಟಿ ಒಳಕ್ಕೆ ಇಳಿಯುತ್ತದೆಯೋ ಏನೋ. ‘ಬೆಳೆಯಲಿ’ ಎಂದು ಕೂಗಿದ ಮೇಲೆ ಕೋಲೆತ್ತಲು ಕೈ ನಾಚುತ್ತದೆ. ಅತ್ತೆಯ ಕೋಲು ಸೂರಿಗೇರಿತು. ನಾನೋ, ಒಂದೂ ಬೈಗುಳವಿಲ್ಲದೆ ಚುಚ್ಚುವ ಶುದ್ಧ ಕನ್ನಡವನ್ನು ಕಾಲೇಜಿನಲ್ಲಿ ಕಲಿತು ಬಂದವನು. ನನ್ನ ನಾಲಿಗೆ ಎಲ್ಲಿಗೆ ಬಂತು ಎಂದು ಯಾವ ಪಾದ್ರಿಯೂ ಕೇಳಲಿಲ್ಲ.

ಈಸ್ಟರ್ ಬೆಳಿಗ್ಗೆ ಎಮ್ಮೆ ಹಗ್ಗ ಕಿತ್ತುಕೊಂಡು ಅತ್ತೆಯ ಹಿಂದೆಯೇ ಚರ್ಚಿಗೆ ಬಂದು, ಪಾದ್ರಿಗಳು ನೀರು ಹೊತ್ತು ಬೆಳೆಸಿದ್ದ ಹೂವಿನ ಪಾತಿಯ ನಡುವೆ ನಿಂತಿತು.

“ಥೂ, ನಿನ್ನ ವಂಸ—” ಅತ್ತೆ ಗುಡುಗಿದಳು. ಬಾಗಿಲಲ್ಲಿದ್ದ ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. ನಾನೂ.

“—ಬೆಳೀಲಿ! ನಿನ್ನ ಕೊಟ್ಟಿಗೇಲಿ ದೀಪ ಉರೀಲಿ! ಬಾರೇ ಈಚ್ಗೆ!”

ಎಮ್ಮೆ ಈಚೆಗೆ ಬಂತು. ಪಾದ್ರಿಗಳು ತುಳಿದ ಹೂವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, “ಒಳಗೆ ಬನ್ನಿ, ನೀರು ಸಿದ್ಧವಾಗಿದೆ,” ಎಂದರು. ಆ ದಿನ ರೊಟ್ಟಿಯ ತಟ್ಟೆ ಅವಳನ್ನು ದಾಟಲಿಲ್ಲ.

ಆರಾಧನೆ ಮುಗಿದು ದೀಕ್ಷಾಸ್ನಾನದ ಸರ್ಟಿಫಿಕೇಟು ಅವಳ ಕೈಗೆ ಬಂತು. ಅದನ್ನು ಒಯ್ದು, ಹೊರಗೆ ಹುಣಸೆ ಮರದಡಿ ನಿಂತಿದ್ದ ದೊಡ್ಡಪ್ಪನಿಗೆ ಕೊಟ್ಟಳು. ಅದರಲ್ಲಿದ್ದ ಅವಳ ಹೊಸ ಹೆಸರನ್ನು ನಾನು ಓದಿ ಹೇಳಿದೆ: ಶಾಂತಮ್ಮ.

“ಶಾಂತಮ್ಮನಾ? ಇವ್ಳಾ?” ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು.

“ನಿನ್ನ ಬಾಯ್ಗೆ ಸಕ್ರೆ ಬೀಳ್ಲಿ! ನಿನ್ನ ಮಕ್ಳುಮರಿ ತಣ್ಣಗಿರ್ಲಿ!”

ಚಿಕ್ಕಂದಿನಿಂದ ಆ ದನಿಗೆ ತಪ್ಪಿಸಿಕೊಂಡು ಓಡಾಡಿದ ದೊಡ್ಡಪ್ಪ ಅಭ್ಯಾಸಬಲದಿಂದ ತಲೆ ತಗ್ಗಿಸಿದರು. ತಲೆ ಎತ್ತದೆಯೇ ಸರ್ಟಿಫಿಕೇಟನ್ನು ತಂಗಿಯ ಕೈಗೆ ಕೊಟ್ಟು ಮೆಲ್ಲಗೆ ಅಂದರು:

“ಇನ್ನೊಂದ್ ದಪ ಬಯ್ಯಮ್ಮಿ.”