ಚೈತ್ರಾ ಬರೆಸಿದ ಎರಡು ಹೆಸರು

ಗೋವಿನಕೋವಿಯಿಂದ ಎರಡು ಮೈಲಿ ಆಚೆಗಿನ ಹಳ್ಳಿಯವಳು ಚೈತ್ರಾ. ಹೊನ್ನಾಳಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಇತಿಹಾಸದ ತರಗತಿಯಲ್ಲಿ ಯುರೋಪಿನ ಜ್ಞಾನೋದಯದ ಪಾಠ ನಡೆದಿತ್ತು. ಪಾದ್ರಿ ಹೇಳಿದನೆಂದು ಒಪ್ಪದೆ ಸ್ವಂತ ವಿವೇಕದಿಂದ ತೂಗಿ ನೋಡಿ ಎಂದವರ ಕಥೆ, ಚಿತ್ರಹಿಂಸೆ ಬೇಡವೆಂದು ಬರೆದವರ ಕಥೆ ಕೇಳಿ ಅವಳ ಮೈ ಜುಮ್ಮೆನ್ನುತ್ತಿತ್ತು. ದೇವರ ಮುಂದೆ ದೀಪ ಹಚ್ಚುವುದನ್ನೇನೂ ಬಿಟ್ಟಿರಲಿಲ್ಲ. ಆದರೆ ಊಟಕ್ಕೆ ಕೂತರೆ ದೆವ್ವ, ತಾಯಿತಗಳ ಬಗ್ಗೆ ಅಣ್ಣ ಮಾಲತೇಶನ ಜೊತೆ ವಾದ ತಪ್ಪುತ್ತಿರಲಿಲ್ಲ.

ಬಾಣಂತನಕ್ಕೆ ತವರಿಗೆ ಬಂದಿದ್ದ ಅಕ್ಕ ಕೊಟ್ರಮ್ಮ ಹೆತ್ತ ಹದಿನೈದನೇ ದಿನಕ್ಕೆ ನಿದ್ದೆ ಬಿಟ್ಟಳು. ಮಗುವನ್ನು ಕಂಡರೆ ಕಿರುಚುತ್ತಿದ್ದಳು. "ಡಾಕ್ಟರ್ ಹತ್ರ ಕರ್ಕಂಡು ಹೋಗಾನ" ಎಂದು ಚೈತ್ರಾ ಗೋಗರೆದಳು. ತಾಯಿ ಸಾವಂತ್ರಮ್ಮ ಗಾಳಿ ಬಿಡಿಸುವ ಮುದುಕ ತಿಪ್ಪೇಶಪ್ಪನಿಗೆ ಹೇಳಿಕಳಿಸಿದಳು.

ಅವನು ಮಂಗಳವಾರ ಬರುವುದು ಚೈತ್ರಾಗೆ ಗೊತ್ತಿತ್ತು. ಅವತ್ತೇ ಕಿರುಪರೀಕ್ಷೆ. ಬರೆದು ಹನ್ನೆರಡರ ಬಸ್ಸಿಗೆ ಬಂದಳು. ಬೀದಿಯ ತುದಿಗೇ ಕೂಗು ಕೇಳಿಸಿತು. ಮನೆ ತುಂಬ ಮೆಣಸಿನಕಾಯಿ ಹೊಗೆ. ಅಕ್ಕನನ್ನು ಕಂಬಕ್ಕೆ ಕಟ್ಟಿದ್ದರು. ಹಗ್ಗ ಬಿಗಿದವನು ಮಾಲತೇಶನೇ. ಹುಣಸೆ ಬರಲಿನ ಏಟಿಗೆ ರವಿಕೆ ಹರಿದು ಬೆನ್ನಿನ ಮೇಲೆ ರಕ್ತ ಗೆರೆಗೆರೆಯಾಗಿ ಇಳಿದಿತ್ತು.

"ಬಿಟ್ಟು ಹೋಗ್ತೀಯೋ ಇಲ್ಲೋ?" ಎಂದು ತಿಪ್ಪೇಶಪ್ಪ ಒದರುತ್ತಿದ್ದ.

"ಹೋಗ್ತೀನಿ, ಹೋಗ್ತೀನಿ" ಅನ್ನುತ್ತಿದ್ದಳು ಕೊಟ್ರಮ್ಮ.

ಚೈತ್ರಾ ನುಗ್ಗಿ ಅವನ ಕೈಯ ಬರಲನ್ನು ಹಿಡಿದಳು. "ಇದು ದೇವರಲ್ಲ, ಮೋಸ! ಇವನೊಬ್ಬ ಕಳ್ಳ!" ತಿಪ್ಪೇಶಪ್ಪ ಅವಳನ್ನು ಬಾಗಿಲಿಗೆ ತಳ್ಳಿದ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು.

ತಂಗಿಯ ರಕ್ತ ಕಂಡದ್ದೇ ಮಾಲತೇಶ ಬೇರೆಯೇ ಮನುಷ್ಯನಾದ. ಮುದುಕನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದ. ನೋಡುತ್ತ ನಿಂತಿದ್ದ ಮಾಲತೇಶನ ಇಬ್ಬರು ಗೆಳೆಯರೂ ಸೇರಿಕೊಂಡರು. ಗುದ್ದಲಿಯ ಹಿಡಿಯಿಂದ ಅಣ್ಣ ಮುದುಕನ ಬಲಗೈ ಮೇಲೆ ಹೊಡೆದಾಗ ಮೂಳೆ ಮುರಿದದ್ದು ಚೈತ್ರಾಗೆ ಕೇಳಿಸಿತು.

"ಬಿಡಣ್ಣ, ಸತ್ತೋಗ್ತಾನೆ!"

"ನೀನೇ ಹೇಳಿದ್ಯಲ್ಲ ಕಳ್ಳ ಅಂತ!"

ಅವಳು ಮುದುಕನ ಮೇಲೆ ಬಿದ್ದಳು. ಮುಂದಿನ ಏಟು ಅವಳ ಭುಜಕ್ಕೆ ಬಿತ್ತು. ಆಗ ಕೈಗಳು ನಿಂತವು.

ಲಗೇಜ್ ಆಟೊದಲ್ಲಿ ಅಕ್ಕನನ್ನೂ ತಿಪ್ಪೇಶಪ್ಪನನ್ನೂ ಒಟ್ಟಿಗೇ ಮಲಗಿಸಿಕೊಂಡು ನ್ಯಾಮತಿ ಆಸ್ಪತ್ರೆಗೆ ಹೊರಟಳು. ಅಕ್ಕ ಸುಮ್ಮನೆ ಆಕಾಶ ನೋಡುತ್ತಿದ್ದಳು. ದಾರಿಯಲ್ಲಿ ಮುದುಕ ನರಳುತ್ತ ಹೇಳಿದ: "ನಮ್ಮಪ್ಪ ನಂಗೂ ಹಿಂಗೇ ಹೊಡ್ದು ಕಲಿಸಿದ್ದು ಕಣವ್ವ. ಹೋಗ್ತೈತೆ ಅಂತ್ಲೇ ನಂಬಿದ್ದೆ." ಅವನ ಮೇಲಿನ ಸಿಟ್ಟು ಅವಳಿಗೆ ಇಳಿಯಲಿಲ್ಲ. ಆದರೆ ಅಣ್ಣ ಬೆಳಗ್ಗೆ ನಂಬಿ ಕಟ್ಟಿದ, ಮಧ್ಯಾಹ್ನ ನಂಬದೆ ಹೊಡೆದ. ಎರಡು ಸಲವೂ ತಾನಾಗಿ ಒಂದು ಗಳಿಗೆ ಯೋಚಿಸಲಿಲ್ಲ. ಅವನಿಗೆ ತಾನು ಕೊಟ್ಟದ್ದು ವಿವೇಕವಲ್ಲ, ಬೈಯಲು ಒಂದು ಹೊಸ ಮಾತು ಅಷ್ಟೇ ಎನ್ನಿಸಿತು.

ಆಸ್ಪತ್ರೆಗೆ ಬಂದ ಪೊಲೀಸಿನವರು ಕೇಳಿದರು: "ಹೊಡೆದೋರು ಯಾರಮ್ಮ?"

"ಅಕ್ಕನಿಗೆ ಹೊಡೆದಿದ್ದು ತಿಪ್ಪೇಶಪ್ಪ. ಅವರ ಕೈ ಮುರಿದಿದ್ದು ನಮ್ಮಣ್ಣ, ಮಾಲತೇಶ. ಜೊತೆಗೆ ಇನ್ನಿಬ್ರು ಇದ್ರು."

ಹಿಂದೆ ನಿಂತಿದ್ದ ಸಾವಂತ್ರಮ್ಮ ಮಗಳ ಕೆನ್ನೆಗೆ ಬಾರಿಸಿದಳು. "ಒಡಹುಟ್ಟಿದೋನ್ನ ಜೈಲಿಗೆ ಹಾಕ್ಸಾಕೆ ಓದಿದ್ಯೇನೇ?"

ಮಾಲತೇಶ ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಕಾಲೇಜಿಗೆ ಹೊರಟರೆ "ಮನೆಮುರುಕಿ" ಎಂದು ಕೂಗಿ ಯಾರೋ ಕಲ್ಲೆಸೆದರು. ಕೇಸು ತಿಪ್ಪೇಶಪ್ಪನ ಮೇಲೂ ಆದದ್ದರಿಂದ ಅವನ ಕಡೆಯವರೂ ಅವಳ ಮುಖ ನೋಡಲಿಲ್ಲ. ವರ್ಷದ ಕೊನೆಯ ಪರೀಕ್ಷೆಯನ್ನು ನೋಯುವ ಭುಜದಲ್ಲೇ ಬರೆದಳು.

ನ್ಯಾಮತಿಯಿಂದ ಮುಂದಕ್ಕೆ ಕಳಿಸಿದಾಗ ಶಿವಮೊಗ್ಗದ ಡಾಕ್ಟರು ಇದು ಬಾಣಂತಿ ಸನ್ನಿ ಎಂದು ಮಾತ್ರೆ ಕೊಟ್ಟಿದ್ದರು. ಆರು ವಾರಕ್ಕೆ ಕೊಟ್ರಮ್ಮ ಮಗುವನ್ನು ಎತ್ತಿಕೊಂಡಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಣಿಕಟ್ಟಿನ ಕಲೆ ನೋಡಿಕೊಳ್ಳುತ್ತ ಕೇಳಿದಳು: "ನನ್ನ ಕಟ್ಟಿ ಹಾಕಿದ್ದು ಯಾರು?"

ಸಾವಂತ್ರಮ್ಮ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಅಣ್ಣ ಕಟ್ಟಿದ" ಎಂದಳು ಚೈತ್ರಾ. "ಅವತ್ತು ಆ ಮುದುಕ ಬರೋದು ನಂಗೂ ಗೊತ್ತಿತ್ತಕ್ಕ. ಗೊತ್ತಿದ್ದೂ ಪರೀಕ್ಷೆಗೆ ಹೋಗಿದ್ದೆ."

ಮಾಲತೇಶ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಅವನು ಬಿಕ್ಕುವುದು ಒಳಗಿನವರಿಗೆಲ್ಲ ಕೇಳಿಸುತ್ತಿತ್ತು. ಕೊಟ್ರಮ್ಮ ಕರೆಯಲಿಲ್ಲ.